ಸ್ಟೆಪ್ಪರ್ ಮೋಟಾರಿಗೆ ಎಷ್ಟು ಆಂಪ್ಸ್?

ಕೊಕ್ಕನೂರಿನ ರೈತನಿಗೆ ಆಂಪ್ಸ್ ಎಂದರೇನು ಎಂದು ಯಾರೂ ಪಾಠ ಮಾಡಬೇಕಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯ ಮೇಲಿರುವ ಮೀಟರಿನ ಮುಳ್ಳು ನೋಡಿಯೇ ಬೋರಿನ ಕಥೆ ಹೇಳಿಬಿಡುತ್ತಾನೆ. ನೀರು ಕಡಿಮೆಯಾದರೆ ಮುಳ್ಳು ಇಳಿಯುತ್ತದೆ. ಪಂಪಿಗೆ ಮರಳು ಸಿಕ್ಕಿಕೊಂಡರೆ, ವೋಲ್ಟೇಜ್ ಬಿದ್ದರೆ ಏರುತ್ತದೆ. ಕೆಲಸ ಜಾಸ್ತಿಯಾದರೆ ಮೋಟಾರು ಜಾಸ್ತಿ ಎಳೆಯುತ್ತದೆ, ಕೆಲಸ ಇಲ್ಲದಿದ್ದರೆ ಕಡಿಮೆ ಎಳೆಯುತ್ತದೆ: ಇದು ಅವನ ಅನುಭವಕ್ಕೆ ಬಂದ ಸತ್ಯ. ಅದೇ ರೈತನ ಮಗ ಐಟಿಐ ಮುಗಿಸಿ ಹರಿಹರದಲ್ಲೋ ದಾವಣಗೆರೆಯಲ್ಲೋ ಸಿಎನ್‌ಸಿ ರೂಟರ್ ಮುಂದೆ ನಿಂತಾಗ ಈ ತಿಳಿವಳಿಕೆ ಪೂರ್ತಿ ಕೈಕೊಡುತ್ತದೆ. ಏಕೆಂದರೆ ಅಲ್ಲಿರುವುದು ಒಂದೊಂದೇ ಹೆಜ್ಜೆ (ಸ್ಟೆಪ್) ಇಟ್ಟು ತಿರುಗುವ ಸ್ಟೆಪ್ಪರ್ ಮೋಟಾರು. ಲೋಡ್ ಇರಲಿ ಬಿಡಲಿ, ತಿರುಗುತ್ತಿರಲಿ ಸುಮ್ಮನೆ ನಿಂತಿರಲಿ, ಡ್ರೈವರಿನಲ್ಲಿ ನಾವು ಇಟ್ಟಷ್ಟು ಕರೆಂಟು ಅದರ ವೈಂಡಿಂಗಿನಲ್ಲಿ ಹರಿಯುತ್ತಲೇ ಇರುತ್ತದೆ. ಎಷ್ಟು ಬೇಕು ಎಂದು ಮೋಟಾರು ಕೇಳುವುದಿಲ್ಲ, ನಾವೇ ಮೊದಲೇ ತೀರ್ಮಾನಿಸಬೇಕು. ಆ ತೀರ್ಮಾನದ ಬಗ್ಗೆ ವರ್ಕ್‌ಶಾಪುಗಳಲ್ಲಿ ಓಡಾಡುವ ಅಭಿಪ್ರಾಯಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಹರಿಹರಕ್ಕೆ ಯಂತ್ರ ಹೊಸದಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಇಲ್ಲಿಂದ ದೇಶಕ್ಕೆಲ್ಲ ಲೇತ್ ಕಳಿಸಿತು. ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದರೂ ಅದರ ಟರ್ನ್‌ಮಾಸ್ಟರ್, ಎಂಟರ್‌ಪ್ರೈಸ್ ಲೇತುಗಳು ಇನ್ನೂ ಓಡುತ್ತಿವೆ. ಆ ಲೇತುಗಳಲ್ಲಿ ಫೀಡ್ ಬರುವುದು ಗೇರಿನಿಂದ. ಹಲ್ಲು ಹಲ್ಲಿಗೆ ಕೂತಿರುವಾಗ ಸ್ಟೆಪ್ ತಪ್ಪುವ ಮಾತೇ ಇಲ್ಲ. ಈಗ ಸಣ್ಣ ವರ್ಕ್‌ಶಾಪಿಗೆ ಬಂದಿರುವ ಯಂತ್ರಗಳ ಜಾತಿ ಬೇರೆ: ಸಾಗುವಾನಿ ಬಾಗಿಲಿಗೆ ಹೂಬಳ್ಳಿ ಕೆತ್ತುವ ರೂಟರ್, ಬೋರ್ಡಿನ ಅಕ್ರಿಲಿಕ್ ಅಕ್ಷರ ಕತ್ತರಿಸುವ ಮಿಷನ್, ಗೇಟಿನ ಡಿಸೈನಿಗೆ ಪ್ಲಾಸ್ಮಾ ಟೇಬಲ್, ಕಾಲೇಜು ಲ್ಯಾಬಿನ 3ಡಿ ಪ್ರಿಂಟರ್. ಕಡಿಮೆ ಬೆಲೆಯ ಇಂಥ ಯಂತ್ರಗಳನ್ನು ಹೆಚ್ಚಾಗಿ ನಡೆಸುವುದು ಸ್ಟೆಪ್ಪರ್ ಮೋಟಾರೇ. ದೊಡ್ಡ ಸಿಎನ್‌ಸಿಗಳು ಅದನ್ನು ಬಿಟ್ಟು ಬಹಳ ಕಾಲವಾಯಿತು. ಜಪಾನಿನ ಫ್ಯುಜಿತ್ಸು 1959ರಲ್ಲಿ ಮಾಡಿದ ಮೋಟಾರಿನಲ್ಲಿ ಸಣ್ಣ ಸ್ಟೆಪ್ಪರ್ ಒಂದು ಎಣ್ಣೆಯ ವಾಲ್ವನ್ನಷ್ಟೇ ತಿರುಗಿಸುತ್ತಿತ್ತು, ಭಾರ ಎಳೆಯುವ ಕೆಲಸ ಹೈಡ್ರಾಲಿಕ್‌ನದು. 1970ರ ದಶಕದಲ್ಲಿ ಫ್ಯುಜಿತ್ಸುವಿನಿಂದ ಬೇರೆಯಾದ ಫ್ಯಾನಕ್ ಅದನ್ನೂ ಕೈಬಿಟ್ಟು ಡಿಸಿ ಸರ್ವೋಗೆ ಹೋಯಿತು. ಸ್ಟೆಪ್ಪರ್ ಉಳಿದದ್ದು ಸಣ್ಣವರ ಕೈಯಲ್ಲಿ. ಎಷ್ಟು ತಿರುಗಿತೆಂದು ಅಳೆದು ಹೇಳುವ ಎನ್‌ಕೋಡರ್ ಬೇಡ, ಬೆಲೆ ಕಡಿಮೆ, ವೈರಿಂಗ್ ಸುಲಭ. ಆದರೆ ಎನ್‌ಕೋಡರ್ ಇಲ್ಲದ ಕಾರಣಕ್ಕೇ ಮೋಟಾರು ಸ್ಟೆಪ್ ತಪ್ಪಿಸಿಕೊಂಡರೂ ಕಂಟ್ರೋಲರಿಗೆ ಗೊತ್ತಾಗುವುದಿಲ್ಲ. ಬಾಗಿಲಿನ ಮೇಲಿನ ನವಿಲಿನ ಕೊರಳು ಅರ್ಧ ಇಂಚು ಪಕ್ಕಕ್ಕೆ ಸರಿದಾಗಲೇ ಗೊತ್ತಾಗುವುದು, ಅಷ್ಟು ಹೊತ್ತಿಗೆ ಮರ ಹಾಳಾಗಿರುತ್ತದೆ.

ಆಗ ವರ್ಕ್‌ಶಾಪಿನಲ್ಲಿ ಮೊದಲು ಕೇಳುವ ಮಾತು, "ಸ್ಟೆಪ್ ಮಿಸ್ ಆಗ್ತೈತಿ, ಆಂಪ್ಸ್ ಏರ್ಸು." ವಾರ ಕಳೆದ ಮೇಲೆ ಬರುವ ಇನ್ನೊಂದು ಮಾತು, "ಮೋಟ್ರು ಸುಡಾಕತ್ತೈತಿ, ಆಂಪ್ಸ್ ಇಳ್ಸು." ಎರಡೂ ಕೆಲವೊಮ್ಮೆ ಸರಿ. ಯಾವಾಗ ಸರಿ ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲು ಮೋಟಾರಿನ ಸ್ಟಿಕ್ಕರ್ ನೋಡೋಣ. 42 ಮಿಲಿಮೀಟರ್ ಮೋಟಾರಿನ ಮೇಲೆ 1.7 ಆಂಪಿಯರ್, 57 ಮಿಲಿಮೀಟರಿನದರ ಮೇಲೆ 2.8 ಆಂಪಿಯರ್ ಎಂದು ಬರೆದಿರುವುದು ಸಾಮಾನ್ಯ. (ನೆಮಾ 17, ನೆಮಾ 23 ಎಂಬ ಹೆಸರುಗಳು ಮುಂಭಾಗದ ಅಳತೆ ಮಾತ್ರ, 1.7 ಇಂಚು, 2.3 ಇಂಚು. ಆಂಪ್ಸಿಗೂ ಅದಕ್ಕೂ ಸಂಬಂಧವಿಲ್ಲ. ನೆಮಾ 17 ಎಂದರೆ 1.7 ಆಂಪ್ಸ್ ಎಂದು ವಾದಿಸುವವರೂ ಇದ್ದಾರೆ.) ಸ್ಟಿಕ್ಕರಿನ ಆ ಅಂಕಿ ಇಷ್ಟನ್ನು ಕೊಡಲೇಬೇಕು ಎಂಬ ಆದೇಶವಲ್ಲ, ಬಿಸಿಯ ಮಿತಿ. ಎರಡೂ ಕಾಯಿಲಿಗೆ ಅಷ್ಟು ಕರೆಂಟು ಬಿಟ್ಟು ಹಾಗೇ ಇಟ್ಟರೆ ಮೋಟಾರಿನ ಬಿಸಿ ಸುತ್ತಲಿನ ಗಾಳಿಗಿಂತ ಸಾಮಾನ್ಯವಾಗಿ 80 ಡಿಗ್ರಿಯಷ್ಟು ಮೇಲೆ ಹೋಗಿ ನಿಲ್ಲುತ್ತದೆ, ಅದರೊಳಗಿನ ಬಿ ದರ್ಜೆಯ ಇನ್ಸುಲೇಷನ್ 130 ಡಿಗ್ರಿಯವರೆಗೆ ತಡೆಯುತ್ತದೆ ಎಂಬುದು ಅದರ ಅರ್ಥ. ಇದನ್ನು ತಿಳಿಯದವರು ಎರಡು ವಿಧದಲ್ಲಿ ಎಡವುತ್ತಾರೆ. ಕೈ ಇಡಲಾಗದಷ್ಟು ಬಿಸಿಯಾಯಿತೆಂದು ಹೆದರಿ ಒಳ್ಳೆಯ ಮೋಟಾರನ್ನು ಬದಲಿಸುವವರು ಒಂದು ಕಡೆ. ಮನುಷ್ಯನ ಬೆರಳು 60 ಡಿಗ್ರಿಯ ಕಬ್ಬಿಣವನ್ನು ಕೆಲವೇ ಸೆಕೆಂಡು ತಾಳಬಲ್ಲದು, ಮೋಟಾರಿಗೆ ಅದೇನೂ ದೊಡ್ಡ ಬಿಸಿಯಲ್ಲ. ಇನ್ನೊಂದು ಕಡೆ, ಸ್ಟಿಕ್ಕರಿನಲ್ಲಿ 2.5 ವೋಲ್ಟ್ ಎಂದಿರುವುದನ್ನು ನೋಡಿ 24 ವೋಲ್ಟ್ ಸಪ್ಲೈ ಕೊಟ್ಟರೆ ಸುಟ್ಟುಹೋಗುತ್ತದೆ ಎಂದುಕೊಳ್ಳುವವರು. ಆ 2.5 ವೋಲ್ಟ್ ಆಂಪ್ಸನ್ನು ಕಾಯಿಲಿನ ಓಮಿನಿಂದ ಗುಣಿಸಿದ ಲೆಕ್ಕವಷ್ಟೇ. ಇಂದಿನ ಚಾಪರ್ ಡ್ರೈವರುಗಳು ಸಪ್ಲೈಯನ್ನು ಸೆಕೆಂಡಿಗೆ ಸಾವಿರಾರು ಸಲ ಕೊಟ್ಟು ತೆಗೆದು ಕರೆಂಟನ್ನೇ ಹಿಡಿದಿಡುತ್ತವೆ. ಆದ್ದರಿಂದ ಸಪ್ಲೈ ಲೈನಿಗೆ ಮೀಟರ್ ಸೇರಿಸಿ ಮೋಟಾರಿನ ಕರೆಂಟು ಅಳೆಯುವ ಅಭ್ಯಾಸವೂ ತಪ್ಪು: ಕಾಯಿಲಿನಲ್ಲಿ 2 ಆಂಪಿಯರ್ ಸುತ್ತುತ್ತಿದ್ದರೂ ಸಪ್ಲೈಯಿಂದ ಅರ್ಧ ಆಂಪಿಯರ್ ಮಾತ್ರ ಹೋಗುತ್ತಿರಬಹುದು.

ಇನ್ನು ಎರಡು ನಿಯಮ ತಿಳಿದರೆ ಉಳಿದದ್ದು ತಾನೇ ಬಿಡಿಸಿಕೊಳ್ಳುತ್ತದೆ. ಟಾರ್ಕ್ ಕರೆಂಟಿನ ಜೊತೆ ಹೆಚ್ಚುಕಡಿಮೆ ಸಮನಾಗಿ ಏರುತ್ತದೆ. ಬಿಸಿ ಕರೆಂಟಿನ ವರ್ಗದಂತೆ ಏರುತ್ತದೆ. ಕರೆಂಟನ್ನು ನೂರರಿಂದ ಎಪ್ಪತ್ತಕ್ಕೆ ಇಳಿಸಿದರೆ ಟಾರ್ಕಿನಲ್ಲಿ ಹೋಗುವುದು ಮೂವತ್ತು, ಬಿಸಿಯಲ್ಲಿ ಹೋಗುವುದು ಐವತ್ತೊಂದು. ಎದುರು ದಿಕ್ಕಿನಲ್ಲಿ ನೋಡಿದರೆ ಚೌಕಾಸಿ ನಮಗೆ ನಷ್ಟದ್ದು: ನಿಗದಿಗಿಂತ ಇಪ್ಪತ್ತು ಹೆಚ್ಚಿಸಿದರೆ ಬಿಸಿ ನಲವತ್ತನಾಲ್ಕು ಹೆಚ್ಚುತ್ತದೆ. ಟಾರ್ಕ್ ಮಾತ್ರ ಇಪ್ಪತ್ತೂ ಹೆಚ್ಚುವುದಿಲ್ಲ, ಕಬ್ಬಿಣ ಆಗಲೇ ಸ್ಯಾಚುರೇಷನ್ ಹತ್ತಿರ ಬಂದಿರುತ್ತದೆ. ಸ್ಟಿಕ್ಕರಿನ ಮಿತಿ ದಾಟಿ ಆಂಪ್ಸ್ ಏರಿಸುವುದು ಯಾವ ಲೆಕ್ಕದಲ್ಲೂ ಗಿಟ್ಟುವ ವ್ಯವಹಾರವಲ್ಲ.

ಈಗ ಮತಗಳಿಗೆ ಬರೋಣ. ಸ್ಟಿಕ್ಕರಿನಲ್ಲಿ ಇದ್ದಷ್ಟನ್ನೂ ಕೊಡಿ, ಕಂಪನಿಯವರು ಸುಮ್ಮನೆ ಬರೆದಿಲ್ಲ ಎನ್ನುವುದು ಒಂದು ಮತ. ಅದರ ನೂರಕ್ಕೆ ಎಪ್ಪತ್ತರಷ್ಟು ಇಡಿ, ಮೋಟಾರು ತಣ್ಣಗಿರುತ್ತದೆ ಎನ್ನುವುದು ಇನ್ನೊಂದು, 3ಡಿ ಪ್ರಿಂಟರಿನವರಲ್ಲಿ ಇದೇ ಹೆಚ್ಚು. ಮೂರನೆಯವರು ಹೇಳುವುದು: ನಿಜವಾದ ಜಾಬ್ ಹಾಕಿ, ಸ್ಟೆಪ್ ತಪ್ಪುವವರೆಗೆ ಇಳಿಸುತ್ತಾ ಹೋಗಿ, ತಪ್ಪಿದ ಜಾಗದಿಂದ ಮೂರನೇ ಒಂದರಷ್ಟೋ ಅರ್ಧದಷ್ಟೋ ಮೇಲೆ ಇಡಿ. ನನ್ನ ಒಲವು ಮೂರನೆಯದರ ಕಡೆ, ಏಕೆಂದರೆ ಯಂತ್ರವನ್ನು ಕೇಳಿ ನಿರ್ಧರಿಸುವುದು ಅದೊಂದೇ. ಆದರೆ ಮೊದಲ ಎರಡು ಮತಗಳ ಜಗಳದಲ್ಲಿ ಬಹುಪಾಲು ನಿಜವಾದ ಜಗಳವೇ ಅಲ್ಲ. ಇಬ್ಬರೂ ಬೇರೆಬೇರೆ ಆಂಪಿಯರಿನ ಬಗ್ಗೆ ಮಾತಾಡುತ್ತಿರುತ್ತಾರೆ. ಗೊಂದಲದ ಗಂಟು ಇರುವುದು ಇಲ್ಲಿ, ಸ್ವಲ್ಪ ನಿಧಾನವಾಗಿ ಬಿಚ್ಚಬೇಕು.

ಸ್ಟಿಕ್ಕರಿನ ಅಂಕಿ ಸಾಮಾನ್ಯವಾಗಿ ಎರಡೂ ಕಾಯಿಲಿನಲ್ಲಿ ಒಟ್ಟಿಗೆ ಹರಿಯಬಹುದಾದ ಕರೆಂಟು. ಫುಲ್ ಸ್ಟೆಪ್ಪಿನಲ್ಲಿ ಓಡುವ ಮೋಟಾರಿಗೆ ಅದು ನೇರವಾಗಿ ಹೊಂದುತ್ತದೆ. ಆದರೆ ಇವತ್ತು ಫುಲ್ ಸ್ಟೆಪ್ಪಿನಲ್ಲಿ ಓಡಿಸುವವರು ಯಾರು? ಎಲ್ಲರೂ ಒಂದು ಸ್ಟೆಪ್ಪನ್ನು ಸಣ್ಣ ಚೂರುಗಳಾಗಿ ಒಡೆಯುವ ಮೈಕ್ರೋಸ್ಟೆಪ್ಪಿನಲ್ಲೇ. ಅಲ್ಲಿ ಎರಡು ಕಾಯಿಲುಗಳ ಕರೆಂಟು ಅಲೆಯಂತೆ ಏರಿಳಿಯುತ್ತದೆ, ಒಂದು ತುದಿಯಲ್ಲಿರುವಾಗ ಇನ್ನೊಂದು ಸೊನ್ನೆಯಲ್ಲಿರುತ್ತದೆ. ಅನೇಕ ಡ್ರೈವರುಗಳಲ್ಲಿ ನಾವು ಇಡುವ ಅಂಕಿ ಈ ಅಲೆಯ ತುದಿ, ಅಂದರೆ ಪೀಕ್. ಪೀಕನ್ನು 2.8ಕ್ಕೆ ಇಟ್ಟರೆ ಪ್ರತಿ ಕಾಯಿಲಿನಲ್ಲಿ ಬಿಸಿಯ ಲೆಕ್ಕಕ್ಕೆ ಬರುವ ಸರಾಸರಿ, ಅಂದರೆ ಆರ್‌ಎಂಎಸ್ 2 ಆಂಪಿಯರ್ ಮಾತ್ರ. 2.8 ಆಂಪಿಯರ್ ಮೋಟಾರಿಗೆ ಪೀಕ್ 2.8 ಇಟ್ಟವನು ಪೂರ್ತಿ ಕೊಟ್ಟೆ ಎಂದುಕೊಂಡಿರುತ್ತಾನೆ. ನಿಜದಲ್ಲಿ ಬಿಸಿಯ ಅರ್ಧ, ಟಾರ್ಕಿನ ಎಪ್ಪತ್ತು ಭಾಗ ಮಾತ್ರ ಬಳಸುತ್ತಿರುತ್ತಾನೆ. ಅದರ ಮೇಲೆ ಎಪ್ಪತ್ತರ ನಿಯಮವನ್ನೂ ಹೇರಿದರೆ ಟಾರ್ಕ್ ಅರ್ಧಕ್ಕೆ ಬರುತ್ತದೆ, ಬಿಸಿ ಕಾಲು ಭಾಗಕ್ಕೆ. ಮೋಟಾರು ಉಗುರುಬೆಚ್ಚಗೆ, ಬಾಗಿಲು ಹಾಳು. ತಿರುಗಿಸಿ ಹೇಳುವುದಾದರೆ, 2.8ರ ಮೋಟಾರಿಗೆ ಪೀಕ್ 3.9ರವರೆಗೆ ಹೋದರೂ ಒಟ್ಟು ಬಿಸಿ ಸ್ಟಿಕ್ಕರಿನ ಮಿತಿಯೊಳಗೇ ಇರುತ್ತದೆ. ಒಂದು ಎಚ್ಚರಿಕೆ: ಮೋಟಾರು ನಿಂತಾಗ ಅಲೆ ತುದಿಯಲ್ಲೇ ನಿಂತುಬಿಟ್ಟರೆ ಆ ಇಡೀ 3.9 ಒಂದೇ ಕಾಯಿಲಿನಲ್ಲಿ ಉಳಿಯುತ್ತದೆ. ನಿಂತಾಗ ಕರೆಂಟು ಇಳಿಸುವ ಏರ್ಪಾಡು ಇಲ್ಲದ ಡ್ರೈವರಿನಲ್ಲಿ ಅಷ್ಟು ದೂರ ಹೋಗದಿರುವುದೇ ಒಳ್ಳೆಯದು.

ಡಿಎಂ542ನಂಥ ಡ್ರೈವರುಗಳ ಮೈಮೇಲೆ ಪೀಕ್, ಆರ್‌ಎಂಎಸ್ ಎರಡೂ ಕಾಲಮ್ಮು ಬರೆದಿರುತ್ತದೆ: 1.00 ಎದುರಿಗೆ 0.71, 4.20 ಎದುರಿಗೆ 3.00. ಗೌರವ ಕೊಡಬೇಕಾದ ಪಟ್ಟಿ. ಅಗ್ಗದ ಟಿಬಿ6600 ಡಬ್ಬಿಗಳ ಮೇಲೂ ಎರಡು ಕಾಲಮ್ಮು ಇರುತ್ತದೆ, ಆದರೆ ಅಲ್ಲಿ 2.0 ಎದುರಿಗೆ 2.2, 3.5 ಎದುರಿಗೆ 4.0. ಪೀಕಿಗೂ ಆರ್‌ಎಂಎಸ್‌ಗೂ ಇರಬೇಕಾದ 1.41 ಪಟ್ಟಿನ ಅಂತರ ಈ ಸಾಲುಗಳಲ್ಲಿ ಕಾಣುವುದಿಲ್ಲ. ಆ ಪಟ್ಟಿಯನ್ನು ಸುಮಾರು ಎಂದಷ್ಟೇ ಓದಿಕೊಳ್ಳಬೇಕು. ಹೊರಗೆ ಟಿಬಿ6600 ಎಂದಿದ್ದು ಒಳಗೆ ಬೇರೆಯೇ ಚಿಪ್ ಇರುವುದೂ ಉಂಟು.

ಬೆಂಗಳೂರಿನ ಎಸ್‌ಪಿ ರೋಡಿನಿಂದಲೋ ಆನ್‌ಲೈನಿನಿಂದಲೋ ತರಿಸುವ ಬೆರಳಗಲದ ಬೋರ್ಡುಗಳಲ್ಲಿ ಡಿಪ್ ಸ್ವಿಚ್ಚೂ ಇಲ್ಲ, ಪಟ್ಟಿಯೂ ಇಲ್ಲ. ಸಣ್ಣ ಸ್ಕ್ರೂ ತಿರುಗಿಸಿ ವಿ-ರೆಫ್ ಎಂಬ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡಬೇಕು. ವಿ-ರೆಫ್ ಎಷ್ಟಿಡಬೇಕು ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿ ಅದೇ ಅಂಕಿ ಇಡುವುದು ಇಲ್ಲಿ ನಡೆಯುವ ದೊಡ್ಡ ಅನಾಹುತ. ಎ4988 ಚಿಪ್ಪಿನಲ್ಲಿ ಕರೆಂಟು ಎಂದರೆ ವಿ-ರೆಫ್ ಅನ್ನು ಸೆನ್ಸ್ ರೆಸಿಸ್ಟರಿನ ಎಂಟು ಪಟ್ಟಿನಿಂದ ಭಾಗಿಸಿದ್ದು. ಬೋರ್ಡಿನಲ್ಲಿ ಆರ್100 ಎಂದು ಬರೆದ ರೆಸಿಸ್ಟರ್ ಇದ್ದರೆ 0.8 ವೋಲ್ಟಿಗೆ 1 ಆಂಪಿಯರ್. ಆರ್068 ಇದ್ದರೆ ಅದೇ 0.8ಕ್ಕೆ ಸುಮಾರು ಒಂದೂವರೆ. ಆರ್050 ಇದ್ದರೆ 2 ಆಂಪಿಯರ್, ಚಿಪ್ಪಿನ ತುತ್ತತುದಿ. ನೋಡಲು ಮೂರೂ ಬೋರ್ಡು ಒಂದೇ ತರ. ಡಿಆರ್‌ವಿ8825ರಲ್ಲಿ ಎಂಟರ ಬದಲು ಐದು ಪಟ್ಟು, ಹಾಗಾಗಿ ಆರ್100 ಇದ್ದಾಗ ವಿ-ರೆಫ್‌ನ ಎರಡರಷ್ಟು ಆಂಪ್ಸ್. ಈ ಎರಡರಲ್ಲೂ ಬರುವುದು ಪೀಕ್. ಟಿಎಂಸಿ2209ರಲ್ಲಿ 0.11 ಓಮ್ ರೆಸಿಸ್ಟರ್ ಇದ್ದರೆ 1 ವೋಲ್ಟಿಗೆ 0.71 ಆಂಪಿಯರ್ ಆರ್‌ಎಂಎಸ್. ಪ್ರಿಂಟರಿನ ಮಾರ್ಲಿನ್ ಫರ್ಮ್‌ವೇರಿನಲ್ಲಿ ಇಡುವ ಮಿಲಿಆಂಪಿಯರೂ ಆರ್‌ಎಂಎಸ್ಸೇ. ಹಳೆಯ ಬೋರ್ಡು ತೆಗೆದು ಹೊಸದು ಹಾಕುವಾಗ ಹಳೆಯ ಅಂಕಿಯನ್ನೇ ಬರೆದರೆ ಎಲ್ಲಿ ತಪ್ಪುತ್ತದೆ ಎಂದು ಇದರಿಂದ ತಿಳಿಯಬಹುದು.

ಲೆಕ್ಕದ ಮೇಲೆ ನಂಬಿಕೆ ಸಾಲದಿದ್ದರೆ ಕಾಯಿಲಿಗೇ ಮೀಟರ್ ಸೇರಿಸಿ ನೋಡಬಹುದು. ಎ4988ನ್ನು ಫುಲ್ ಸ್ಟೆಪ್ಪಿಗೆ ಹಾಕಿ ಅಳೆದರೆ ನಾವಿಟ್ಟ ಮಿತಿಯ ನೂರಕ್ಕೆ ಎಪ್ಪತ್ತು ತೋರಿಸುತ್ತದೆ, ಅದು ದೋಷವಲ್ಲ, ಚಿಪ್ಪಿನ ಕ್ರಮ. ಮೀಟರ್ ಸೇರಿಸುವಾಗಲೂ ತೆಗೆಯುವಾಗಲೂ ಪವರ್ ಆಫ್ ಇರಬೇಕು. ಚಾಲೂ ಇರುವಾಗ ಮೋಟಾರಿನ ವೈರು ಕಿತ್ತರೆ ಕಾಯಿಲಿನಲ್ಲಿದ್ದ ಶಕ್ತಿ ಡ್ರೈವರಿನ ಮೇಲೆ ಎರಗುತ್ತದೆ, ಬೋರ್ಡು ಅಲ್ಲೇ ಮುಗಿಯುತ್ತದೆ. ಡ್ರೈವರಿನ ಬಿಸಿಯೂ ಬೇರೆಯೇ ಒಂದು ಮಿತಿ ಹಾಕುತ್ತದೆ. ಎ4988 ಹೀಟ್‌ಸಿಂಕ್ ಇಲ್ಲದೆ 1 ಆಂಪಿಯರ್ ಸುತ್ತ ಮಾತ್ರ ನೆಮ್ಮದಿಯಾಗಿ ಕೊಡಬಲ್ಲದು, ಮೀರಿದರೆ ತಾನೇ ನಿಂತು ತಣಿದು ಮತ್ತೆ ಶುರುವಾಗುತ್ತದೆ. ಹೀಗೆ ಬಿಟ್ಟುಬಿಟ್ಟು ಸ್ಟೆಪ್ ತಪ್ಪುವುದನ್ನು ಕರೆಂಟು ಸಾಲದ ಲಕ್ಷಣವೆಂದು ತಿಳಿದು ಇನ್ನಷ್ಟು ಏರಿಸಿದರೆ ರೋಗಕ್ಕೆ ರೋಗವನ್ನೇ ಕೊಟ್ಟಂತೆ.

ಸ್ಟೆಪ್ ತಪ್ಪುವುದಕ್ಕೆ ಕರೆಂಟೇ ಕಾರಣವಲ್ಲದ ಇನ್ನೊಂದು ದೊಡ್ಡ ಸಂದರ್ಭ ವೇಗದ್ದು. ಒಂದು ಲೆಕ್ಕ ಮಾಡೋಣ. 57 ಮಿಲಿಮೀಟರ್ ಮೋಟಾರು, 2.8 ಆಂಪಿಯರ್, ಕಾಯಿಲಿನ ಇಂಡಕ್ಟೆನ್ಸ್ 3.5 ಮಿಲಿಹೆನ್ರಿ, ಸಪ್ಲೈ 24 ವೋಲ್ಟ್. ಸೊನ್ನೆಯಿಂದ 2.8ಕ್ಕೆ ಕರೆಂಟು ಏರಲು ಸುಮಾರು 0.4 ಮಿಲಿಸೆಕೆಂಡ್ ಬೇಕು. 5 ಮಿಲಿಮೀಟರ್ ಪಿಚ್ಚಿನ ಬಾಲ್ ಸ್ಕ್ರೂ ಮೇಲೆ ನಿಮಿಷಕ್ಕೆ 3,000 ಮಿಲಿಮೀಟರ್ ಓಡಿಸಿದರೆ ಮೋಟಾರು 600 ಸುತ್ತು ಸುತ್ತಬೇಕು. ಸುತ್ತಿಗೆ 200ರಂತೆ ಸೆಕೆಂಡಿಗೆ 2,000 ಸ್ಟೆಪ್ಪು, ಒಂದಕ್ಕೆ ಸಿಗುವ ಸಮಯ 0.5 ಮಿಲಿಸೆಕೆಂಡ್. ತಿರುಗುವಾಗ ಮೋಟಾರು ತಾನೇ ಹುಟ್ಟಿಸುವ ಎದುರು ವೋಲ್ಟೇಜನ್ನೂ ಸೇರಿಸಿದರೆ ಕರೆಂಟು 2.8 ತಲುಪುವ ಮೊದಲೇ ಮುಂದಿನ ಸ್ಟೆಪ್ಪು ಬಂದಾಗಿರುತ್ತದೆ. ಈ ಸ್ಥಿತಿಯಲ್ಲಿ ಡಿಪ್ ಸ್ವಿಚ್ಚನ್ನು 4ಕ್ಕೆ ಇಟ್ಟರೇನು, 5ಕ್ಕೆ ಇಟ್ಟರೇನು? ಆ ಕರೆಂಟು ಕಾಯಿಲಿಗೆ ಬರುವುದೇ ಇಲ್ಲ. ಯಂತ್ರ ನಿಂತಾಗ ಮಾತ್ರ ಬಂದು ಮೋಟಾರನ್ನು ಸುಡುತ್ತದೆ. ಇಲ್ಲಿ ಔಷಧ 48 ವೋಲ್ಟ್ ಸಪ್ಲೈ, ಏರುವ ಸಮಯ ಅರ್ಧಕ್ಕಿಳಿಯುತ್ತದೆ. ಹವ್ಯಾಸಿ ಸಿಎನ್‌ಸಿ ಕಟ್ಟುವವರಲ್ಲಿ ಬಳಕೆಯಲ್ಲಿರುವ ಗೆಕ್ಕೋಡ್ರೈವ್‌ನವರ ಸೂತ್ರದಂತೆ ಮಿಲಿಹೆನ್ರಿಯ ವರ್ಗಮೂಲವನ್ನು 32ರಿಂದ ಗುಣಿಸಿದರೆ ಸಪ್ಲೈಯ ಮೇಲ್ಮಿತಿ: 3.5ಕ್ಕೆ ಸುಮಾರು 60 ವೋಲ್ಟ್. ಡ್ರೈವರ್ ಎಷ್ಟು ತಾಳುತ್ತದೆ ಎಂದು ನೋಡಿಕೊಂಡು ಅದರೊಳಗೆ ಇರಬೇಕು. ಡಿಎಂ542ಕ್ಕೆ 50 ವೋಲ್ಟೇ ಕೊನೆ, 48ರ ಎಸ್‌ಎಂಪಿಎಸ್ ಹಾಕಿದರೆ ಅಂಚಿನಲ್ಲಿ ನಿಂತಂತೆಯೇ. 36 ವೋಲ್ಟಾದರೆ ನೆಮ್ಮದಿ.

ಆದ್ದರಿಂದ ಸ್ಟೆಪ್ ತಪ್ಪಿದಾಗ ಮೊದಲು ನೋಡಬೇಕಾದ್ದು ಯಾವ ವೇಗದಲ್ಲಿ ತಪ್ಪಿತು ಎಂಬುದು. ವೇಗದ ಓಟದಲ್ಲಿ ಮಾತ್ರ ತಪ್ಪಿದರೆ ವೋಲ್ಟೇಜು, ಇಲ್ಲವೇ ಆ್ಯಕ್ಸಿಲರೇಷನ್ ಜಾಸ್ತಿ. ನಿಧಾನವಾಗಿ ಆಳಕ್ಕೆ ಕೊರೆಯುವಾಗ ತಪ್ಪಿದರೆ ಕರೆಂಟು ನಿಜವಾಗಿ ಕಡಿಮೆ ಇರಬಹುದು, ಬಿಟ್ ಮೊಂಡಾಗಿರಲೂಬಹುದು. ಒಂದೇ ವೇಗದಲ್ಲಿ ಗುರ್ ಎಂದು ನಡುಗಿ ತಪ್ಪಿದರೆ ರೆಸೊನೆನ್ಸ್, ಅಲ್ಲಿ ಕರೆಂಟು ಏರಿಸಿದರೆ ನಡುಕ ಹೆಚ್ಚುತ್ತದೆ, ಇಳಿಸಿದರೆ ಸರಿಹೋಗುವುದೂ ಉಂಟು. ಯಾವ ವೇಗದಲ್ಲೂ ಲೆಕ್ಕವಿಲ್ಲದೆ ತಪ್ಪಿದರೆ ಕಪ್ಲಿಂಗಿನ ಸ್ಕ್ರೂ ಬಿಗಿ ಇದೆಯೇ, ರೈಲಿನಲ್ಲಿ ಮರದ ಪುಡಿ ಗಟ್ಟಿಯಾಗಿದೆಯೇ ನೋಡಬೇಕು. ಹರಿಹರದ ಹಳೆಯ ಲೇತ್ ಮೇಸ್ತ್ರಿಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೈಯಲ್ಲಿ ಸ್ಕ್ರೂ ತಿರುಗಿಸಿ ಎಲ್ಲಿ ಬಿಗಿ ಹಿಡಿಯುತ್ತದೆ ಎಂದು ಹೇಳಿಬಿಡುತ್ತಾರೆ. ಎಲೆಕ್ಟ್ರಾನಿಕ್ಸಿನ ಹುಡುಗರು ಅವರನ್ನು ಕರೆಯುವುದು ಮಾತ್ರ ಎಲ್ಲ ಮುಗಿದ ಮೇಲೆ.

ಜಾಗವೂ ಲೆಕ್ಕಕ್ಕೆ ಬರುತ್ತದೆ. ಡೇಟಾಶೀಟಿನ 80 ಡಿಗ್ರಿ ಏರಿಕೆ ಸುತ್ತಲಿನ ಗಾಳಿಯ ಮೇಲಿನದು. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ ಹೊರಗೇ 40ರ ಹತ್ತಿರ, ತಗಡಿನ ಶೆಡ್ಡಿನ ಒಳಗೆ ಇನ್ನೂ ಹೆಚ್ಚು. ಅಲ್ಲಿ ಪೂರ್ತಿ ಕರೆಂಟು ಕೊಟ್ಟರೆ 130ರ ಮಿತಿಗೆ ಉಳಿಯುವ ಅಂತರ ಬಹಳ ತೆಳು. ರೂಟರಿನಲ್ಲಿ ಮೋಟಾರು ದಪ್ಪ ಅಲ್ಯೂಮಿನಿಯಂ ಪ್ಲೇಟಿಗೆ ಕೂತಿದ್ದರೆ ಅದೇ ಹೀಟ್‌ಸಿಂಕಿನ ಕೆಲಸ ಮಾಡುತ್ತದೆ. 3ಡಿ ಪ್ರಿಂಟರಿನಲ್ಲಿ ಮೋಟಾರು ಕೂತಿರುವುದು ಪಿಎಲ್‌ಎ ಬ್ರಾಕೆಟ್ಟಿನ ಮೇಲಾದರೆ ಅದು 60 ಡಿಗ್ರಿಗೇ ಮೆತ್ತಗಾಗುತ್ತದೆ. ಅಲ್ಲಿ ಮಿತಿ ಹಾಕುವುದು ಮೋಟಾರಲ್ಲ, ಬ್ರಾಕೆಟ್ಟು. ಪ್ರಿಂಟರಿನವರ ಎಪ್ಪತ್ತರ ನಿಯಮಕ್ಕೆ ಅಲ್ಲಿ ಅರ್ಥವಿದೆ. ಅದನ್ನು ತಂದು ರೂಟರಿಗೆ ಹಚ್ಚಿದಾಗಲೇ ಅದು ಕೆಡುವುದು.

ನಿಂತಾಗ ಕರೆಂಟನ್ನು ಅರ್ಧಕ್ಕಿಳಿಸುವ ಸ್ವಿಚ್ ಅನೇಕ ಡ್ರೈವರುಗಳಲ್ಲಿ ಇದೆ. ಡಿಎಂ542ರಲ್ಲಿ ಅದು ನಾಲ್ಕನೆಯದು. ಅರ್ಧ ಕರೆಂಟೆಂದರೆ ಕಾಲು ಭಾಗ ಬಿಸಿ. ಎಕ್ಸ್, ವೈ ಎರಡಕ್ಕೂ ಇದನ್ನು ಹಾಕದಿರಲು ಕಾರಣವೇ ಇಲ್ಲ. ಝೆಡ್ ಮಾತ್ರ ಬೇರೆ: ಬಾಲ್ ಸ್ಕ್ರೂ ಭಾರವನ್ನು ತಾನಾಗಿ ಹಿಡಿದಿಡುವುದಿಲ್ಲ, ದಪ್ಪ ಸ್ಪಿಂಡಲ್ ಇದ್ದರೆ ಅರ್ಧ ಕರೆಂಟಿನಲ್ಲಿ ನಿಧಾನವಾಗಿ ಜಾರಿ, ಬಿಟ್ ಜಾಬಿನೊಳಗೆ ಇಳಿಯಬಹುದು. ಕರೆಂಟು ಹೋದಾಗಲಂತೂ ಇಳಿದೇ ಇಳಿಯುತ್ತದೆ. ಅಂಥಲ್ಲಿ ಸ್ಪ್ರಿಂಗ್, ಪ್ರತಿಭಾರ ಅಥವಾ ಬ್ರೇಕ್ ಇರುವ ಮೋಟಾರು ಬೇಕು, ಆಂಪ್ಸಿನಿಂದ ಆಗುವ ಕೆಲಸವಲ್ಲ. ಎನ್‌ಕೋಡರ್ ಇರುವ ಕ್ಲೋಸ್ಡ್ ಲೂಪ್ ಸ್ಟೆಪ್ಪರ್ ತಂದರೆ ಲೋಡಿಗೆ ತಕ್ಕಂತೆ ಕರೆಂಟು ತಾನೇ ಏರಿಳಿಯುತ್ತದೆ. ಪಂಪ್‌ಸೆಟ್ಟಿನ ನ್ಯಾಯ ಅಲ್ಲಿಗೆ ಮರಳಿ ಬರುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಆರು ಮತ್ತು ಎಂಟು ವೈರಿನ ಮೋಟಾರುಗಳ ಬಗ್ಗೆ ಒಂದೇ ಮಾತು. ಅವುಗಳ ಸ್ಟಿಕ್ಕರಿನಲ್ಲಿ ಯೂನಿಪೋಲಾರ್ ಕರೆಂಟು ಬರೆದಿದ್ದರೆ ಸೀರೀಸ್ ಜೋಡಿಸಿದಾಗ ಅದರ 0.7ರಷ್ಟು, ಪ್ಯಾರಲಲ್ ಜೋಡಿಸಿದಾಗ (ಎಂಟು ವೈರಿನದನ್ನು ಮಾತ್ರ ಹೀಗೆ ಜೋಡಿಸಬಹುದು) 1.4ರಷ್ಟು ಕೊಡಬೇಕು. 2 ಆಂಪಿಯರಿನದು ಸೀರೀಸಿನಲ್ಲಿ 1.4, ಪ್ಯಾರಲಲ್ಲಿನಲ್ಲಿ 2.8. ವೇಗ ಬೇಕಾದವರಿಗೆ ಪ್ಯಾರಲಲ್ ಮೇಲು, ಇಂಡಕ್ಟೆನ್ಸ್ ಸೀರೀಸಿನ ಕಾಲು ಭಾಗ ಮಾತ್ರ.

ಉಳಿದಿರುವುದು ಗುಜರಿಯ ಮೋಟಾರು. ಹಳೆಯ ಪ್ರಿಂಟರ್, ಜೆರಾಕ್ಸ್ ಮಿಷನ್ ಬಿಚ್ಚಿ ತೆಗೆದದ್ದು, ಮೇಲೆ ಪಾರ್ಟ್ ನಂಬರ್ ಬಿಟ್ಟರೆ ಏನೂ ಇಲ್ಲ. ವಿದ್ಯಾರ್ಥಿಗಳ ಪ್ರಾಜೆಕ್ಟುಗಳು ಇವುಗಳ ಮೇಲೇ ನಡೆಯುವುದು, ಆದರೆ ಇವುಗಳ ಬಗ್ಗೆ ಪುಸ್ತಕ ಬರೆಯುವವರು ಏನೂ ಹೇಳುವುದಿಲ್ಲ. ಮೊದಲು ಕುತೂಹಲಕ್ಕೆ ಅದನ್ನು ಬಿಚ್ಚಿ ರೋಟರ್ ಹೊರಗೆ ಎಳೆಯಬೇಡಿ, ಮ್ಯಾಗ್ನೆಟ್ಟಿನ ಬಲ ಕುಂದಿ ಮೋಟಾರು ಮೊದಲಿನಂತೆ ಆಗುವುದಿಲ್ಲ. ಕಾಯಿಲಿನ ಓಮ್ ಅಳೆದುಕೊಳ್ಳಿ. 42 ಮಿಲಿಮೀಟರಿನ ಸಾಧಾರಣ ಉದ್ದದ ಮೋಟಾರು ಎರಡೂ ಕಾಯಿಲು ಸೇರಿ 8ರಿಂದ 10 ವ್ಯಾಟ್, 57ರದ್ದು 14ರಿಂದ 18 ವ್ಯಾಟ್ ಬಿಸಿಯನ್ನು ಹೊರಹಾಕಬಲ್ಲದು. ಸ್ಟಿಕ್ಕರ್ ಇರುವ ಮೋಟಾರುಗಳಲ್ಲಿ ಆಂಪ್ಸಿನ ವರ್ಗವನ್ನು ಓಮಿನಿಂದ ಗುಣಿಸಿ ದುಪ್ಪಟ್ಟು ಮಾಡಿದರೆ ಇದೇ ಆಸುಪಾಸಿನ ಅಂಕಿ ಬರುವುದನ್ನು ನೋಡಬಹುದು. 5 ಓಮಿನ 42 ಮಿಲಿಮೀಟರ್ ಮೋಟಾರಿಗೆ 9 ವ್ಯಾಟ್ ಎಂದಿಟ್ಟುಕೊಂಡರೆ ಸುಮಾರು 0.95 ಆಂಪಿಯರ್. ಅದಕ್ಕಿಂತ ಸ್ವಲ್ಪ ಕೆಳಗೆ ಇಟ್ಟು ಒಂದು ತಾಸು ಹಾಗೇ ಬಿಡಿ, ಮೋಟಾರಿನ ಕಬ್ಬಿಣ ಪೂರ್ತಿ ಬಿಸಿಯಾಗಲು ಅಷ್ಟು ಹೊತ್ತು ಬೇಕು. ಐದು ನಿಮಿಷಕ್ಕೇ ಕೈ ಇಟ್ಟು ತಣ್ಣಗಿದೆ ಎನ್ನುವುದರಲ್ಲಿ ಅರ್ಥವಿಲ್ಲ. ಆಮೇಲೆ ಪವರ್ ಆಫ್ ಮಾಡಿ, ವೈರು ಬಿಡಿಸಿ, ತಣಿಯುವ ಮೊದಲೇ ಓಮ್ ಅಳೆಯಿರಿ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ನೂರಕ್ಕೆ 0.39ರಂತೆ ಏರುತ್ತದೆ. 5 ಓಮ್ ಇದ್ದದ್ದು 6.2 ಆಗಿದ್ದರೆ ವೈಂಡಿಂಗ್ 60 ಡಿಗ್ರಿಯಷ್ಟು ಏರಿದೆ: 35 ಡಿಗ್ರಿಯ ಕೋಣೆಯಲ್ಲಿ ಒಳಗೆ 95ರ ಸುತ್ತ, ಹೊರಮೈ ಇನ್ನೂ ಸ್ವಲ್ಪ ಕಡಿಮೆ. 6.5 ದಾಟಿದ್ದರೆ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಒಂದು ತಾಸು ಬಿಡಬೇಕು.